ಕೊಲ್ಲಿಯ ನೀರಿಗೆ ಬಿಟ್ಟ ಅತ್ತೆ

ನಮ್ಮ ಮಂಡ್ಯದ ಕಡೆ ಯಾರು ಸತ್ತರೂ ಅಸ್ಥಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಬೇಕು. ನಮ್ಮತ್ತೆ ತೀರಿಕೊಂಡದ್ದು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಮೊಮ್ಮಗಳನ್ನು ನೋಡಲು ಬಂದಿದ್ದಾಗ. ಡಾಟ್‌ಕಾಮ್ ಕಂಪನಿಗಳು ಒಂದರ ಹಿಂದೆ ಒಂದು ಬಾಗಿಲು ಹಾಕುತ್ತಿದ್ದ ವರ್ಷ ಅದು. ಯಜಮಾನರ ಕೆಲಸವೂ ಹೋಗಿತ್ತು. ಕೆಲಸವಿಲ್ಲದೆ ದೇಶದಿಂದ ಹೊರಗೆ ಕಾಲಿಟ್ಟರೆ ವೀಸಾ ಸಿಕ್ಕಿ ವಾಪಸು ಬರುವುದು ಕಷ್ಟ ಎಂದು ವಕೀಲರು ಹೆದರಿಸಿದ್ದರು. ಪಕ್ಕದೂರು ಪ್ಲೆಸೆಂಟನ್ನಿನ ಒಂದು ಕಂಪನಿಯಿಂದ ಇವತ್ತೋ ನಾಳೆಯೋ ಕೆಲಸದ ಕರೆ ಬರುವುದಿತ್ತು. ಅಸ್ಥಿಯನ್ನು ಮನೆಯೊಳಗೆ ಇಡಬಾರದೆಂದು ಕುಡಿಕೆಯನ್ನು ಬಾಲ್ಕನಿಯಲ್ಲಿ ಇಟ್ಟಿದ್ದೆವು.

ಊರಿಗೆ ಹೊರಟವರ ಕೈಯಲ್ಲಿ ಕಳಿಸೋಣ ಎಂದೆ. "ಅವ್ವನ್ನ ಪಾರ್ಸಲ್ ಮಾಡಕಾಯ್ತದಾ? ಮಗನೇ ಬಿಡ್ಬೇಕು" ಎಂದರು ಯಜಮಾನರು. ಅಲ್ಲಿನ ದೇವಸ್ಥಾನದ ಪುರೋಹಿತರು ಫೋನಿನಲ್ಲೇ, "ಸಮುದ್ರಕ್ಕೆ ಬಿಡಿ, ಎಲ್ಲಾ ನದೀನೂ ಅಲ್ಲಿಗೇ ತಾನೆ ಹೋಗೋದು" ಎಂದುಬಿಟ್ಟರು. ಅವರ ಗಂಟೇನು ಹೋಗಬೇಕು ಎಂದು ನನಗೆ ಮೈ ಉರಿಯಿತು.

ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಟ್ರೈನು ಹತ್ತಿದೆವು. ಊರಿಂದ ಬಂದವರನ್ನೆಲ್ಲ ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದೊಯ್ದು ಸೇತುವೆಯ ಮುಂದೆ ಫೋಟೋ ಹಿಡಿಯುವುದು ನಮ್ಮ ವಾಡಿಕೆ. ಅತ್ತೆಯನ್ನು ಕರೆದೊಯ್ಯುವುದನ್ನು ಮಾತ್ರ ಚಳಿ ಕಡಿಮೆಯಾಗಲಿ ಎಂದು ಮುಂದೂಡುತ್ತಲೇ ಬಂದಿದ್ದೆವು. ಈಗ ಯಜಮಾನರ ತೊಡೆಯ ಮೇಲಿನ ಚೀಲದಲ್ಲಿ ಹೊರಟಿದ್ದರು.

ಸ್ಪೇನಿನವರು ಕೋಟೆ ಕಟ್ಟಿದ, ದನದ ತೊಗಲಿಗೂ ಚಿನ್ನಕ್ಕೂ ಯಾವ ಯಾವುದೋ ದೇಶದ ಹಡಗುಗಳು ಬಂದು ನಿಂತ ಬಂದರು ಅದು. ಇಟಲಿಯವರ ಬೇಕರಿಗಳನ್ನು ದಾಟಿದರೆ ಚೀನೀಯರ ಕೇರಿ. ಅಲ್ಲಿ ಬಿಳಿ ಸೇವಂತಿಗೆ ಕೇಳಿದ್ದಕ್ಕೇ ಹೂವಿನಂಗಡಿಯ ಮುದುಕಿಗೆ ನಾವು ಸಾವಿನ ಮನೆಯವರೆಂದು ಗೊತ್ತಾಯಿತು. ಯಾರು ಹೋದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹಿಂದೆ ತಮ್ಮವರು ಇಲ್ಲಿ ಸತ್ತರೆ, ಕೆಲವು ವರ್ಷದ ಮೇಲೆ ಮೂಳೆ ಅಗೆದು ತೆಗೆದು ಹಡಗಿನಲ್ಲಿ ಊರಿಗೆ ಕಳಿಸುತ್ತಿದ್ದರು, ತನ್ನ ತಾತನೂ ಹಾಗೇ ಊರು ಸೇರಿದ ಎಂದಳು. ಯಜಮಾನರು ಹೊರಗೆ ಹೋಗಿ ನಿಂತರು.

"ಇನ್ನೊಂದಷ್ಟು ದಿನ ನೋಡೋಣ ಕಣ್ರೀ" ಎಂದೆ.

"ಎಷ್ಟು ದಿನ ಅಂತ ಬಾಲ್ಕನೀಲಿ ಕೂರಿಸ್ಲಿ?"

ಕೊಲ್ಲಿಯ ದಡದಲ್ಲಿ ನೀರಿಗೆ ಇಳಿಯುವ ಮೆಟ್ಟಿಲುಗಳಿದ್ದವು. ಯಜಮಾನರು ಮೊಣಕಾಲುದ್ದ ನೀರಿನಲ್ಲಿ ನಿಂತು ಕುಡಿಕೆ ಬಗ್ಗಿಸಿದರು, ಹೂವು ಬಿಟ್ಟರು. ತಿರುಗಿ ನೋಡಬಾರದು ಎನ್ನುತ್ತಾರೆ. ನಾನು ನೋಡಿದೆ. ಹೂವು ನಮ್ಮ ಕಡೆಗೇ ಬರುತ್ತಿತ್ತು. ನಾವು ಹೊಳೆ ಬದಿಯ ಜನ. ಬಿಟ್ಟದ್ದನ್ನು ನೀರು ಕೊಂಡೊಯ್ಯುತ್ತದೆ ಎಂದಷ್ಟೇ ಗೊತ್ತು. ಸಮುದ್ರಕ್ಕೆ ಉಬ್ಬರದ ಹೊತ್ತೊಂದು, ಇಳಿತದ ಹೊತ್ತೊಂದು ಇರುತ್ತದೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಉಬ್ಬರದ ನೀರು ಸೇವಂತಿಗೆಯ ಜೊತೆ ಬೂದಿಯನ್ನೂ ತಂದು ಮೆಟ್ಟಿಲಿಗೆ ಬಳಿಯಿತು.

"ಹೋಗವ್ವ" ಎಂದು ಯಜಮಾನರು ಎರಡೂ ಕೈಯಲ್ಲಿ ನೀರು ತಳ್ಳಿದರು. ಮತ್ತೆ ಬಂತು. ಮತ್ತೆ ತಳ್ಳಿದರು. ಕೊನೆಗೆ ಅಲ್ಲೇ ಕುಸಿದು ಕೂತು ಅತ್ತರು. ಮೆಟ್ಟಿಲಿಗೆ ಅಂಟಿದ್ದ ಮೂಳೆಯ ಚೂರುಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಮಿಕ್ಕದ್ದು ಕೈಗೆ ಸಿಗಲಿಲ್ಲ.

ಪ್ಲೆಸೆಂಟನ್ನಿನಿಂದ ಕರೆ ಬರಲೇ ಇಲ್ಲ. ಮುಂದಿನ ತಿಂಗಳೇ ಮನೆ ಖಾಲಿ ಮಾಡಿ ಊರಿಗೆ ವಾಪಸಾದೆವು. ಅಲ್ಲಿಯವರೆಗೆ ಕಾದಿದ್ದರೆ ಅತ್ತೆ ಪೂರ್ತಿಯಾಗಿ ನಮ್ಮ ಜೊತೆಯೇ ಬರುತ್ತಿದ್ದರು. ಇದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿಲ್ಲ.

ಪಶ್ಚಿಮವಾಹಿನಿಯಲ್ಲಿ ಕರವಸ್ತ್ರ ಬಿಚ್ಚಿದಾಗ ಅಲ್ಲಿಯ ಪುರೋಹಿತರು ಬಗ್ಗಿ ನೋಡಿ, "ಇಷ್ಟೇನಾ?" ಎಂದರು.

"ಇಷ್ಟೇ ಬಂದಿದ್ದು ಸ್ವಾಮಿ" ಎಂದರು ಯಜಮಾನರು. "ಅವ್ವ ಅಲ್ಲೇ ಅವ್ಳೆ."