ಮೂವತ್ತು ಸೆಕೆಂಡಿನ ಪಾಠ

ಹೋದ ವಾರ ಮಸ್ಕಿ ಬಸ್ ಸ್ಟ್ಯಾಂಡಿನ ಗೋಡೆಗೆ ಒಬ್ಬ ಸಿನಿಮಾ ಪೋಸ್ಟರ್ ಹಚ್ಚುತ್ತಿದ್ದ. ಅಲ್ಲಿದ್ದ ಚುನಾವಣೆ ಪೋಸ್ಟರಿನಲ್ಲಿ ಕೈ ಮುಗಿದು ನಿಂತ ಅಭ್ಯರ್ಥಿಯ ಮುಖ ಇನ್ನೂ ಹರಿದಿರಲಿಲ್ಲ. ಅದರ ಮೇಲೇ ಹೀರೋನ ಮುಖ ಕೂತಿತು. ಬಕೆಟ್ಟಿನಲ್ಲಿ ಮೈದಾ ಅಂಟು. ಆ ಹುಳಿ ವಾಸನೆಗೆ ನನ್ನ ಹೈಸ್ಕೂಲಿನ ಇತಿಹಾಸದ ಸರ್ ನೆನಪಾದರು. ಅವರ ಕ್ಲಾಸಿನಲ್ಲೂ ಇದೇ ವಾಸನೆ. ಒಂದೇ ಸುದ್ದಿಯನ್ನು ಎರಡು ಪೇಪರಿನಿಂದ ಕತ್ತರಿಸಿ ನೋಟ್‌ಬುಕ್ಕಿನ ಎಡಕ್ಕೊಂದು ಬಲಕ್ಕೊಂದು ಅಂಟಿಸುವುದು ಅವರು ಕೊಡುತ್ತಿದ್ದ ಹೋಂವರ್ಕ್...

ತೀರಿಹೋದ ಮೇಷ್ಟ್ರನ್ನೆಲ್ಲ ದೇವರು ಮಾಡುವ ಚಟ ನನಗಿಲ್ಲ. ನಮ್ಮ ಸರ್ ಮುಂಗೋಪಿ. ಪರೀಕ್ಷೆಯ ಪೇಪರು ತಿಂಗಳುಗಟ್ಟಲೆ ತಿದ್ದುತ್ತಿರಲಿಲ್ಲ. ಇಸವಿ ಕೇಳಿದರೆ ಅವರೇ ತಪ್ಪು ಹೇಳುತ್ತಿದ್ದರು. ಆದರೆ ನನಗೆ ವಾದ ಮಾಡಲು ಕಲಿಸಿದವರು ಅವರೇ. ಇದಕ್ಕೆ ಎದುರು ಮಾತಿಲ್ಲ.

ಅವರದು ಒಂದು ಪಾಠಕ್ಕೆ ಎರಡು ದಿನ. ಮೊದಲ ದಿನ ಒಂದು ಪಕ್ಷದ ವಕೀಲರಾಗಿ ವಾದಿಸುವರು. ಮರುದಿನ ಎದುರು ಪಕ್ಷದ ವಕೀಲರಾಗಿ ನಿನ್ನೆಯ ತಮ್ಮ ಮಾತನ್ನೇ ಚಿಂದಿ ಮಾಡುವರು. ತೀರ್ಪು ನಮಗೆ ಬಿಟ್ಟದ್ದು.

ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ನಿಜಾಮನ ಕಾಲದ ಕಥೆಯ ಸಿನಿಮಾವೊಂದು ಬಂತು. ಸಿಂಧನೂರಿಗೆ ಹೋಗಿ ನೋಡಿದೆವು. ಹೀರೋ ಒಬ್ಬನೇ ಒಂದು ಪಡೆಯನ್ನು ಕೆಡವಿದ. ನಾವು ಕುರ್ಚಿ ಹತ್ತಿ ಸೀಟಿ ಹೊಡೆದೆವು. ಮರುದಿನ ಕ್ಲಾಸಿನಲ್ಲಿ ಅದೇ ಡೈಲಾಗು, ಅದೇ ಕೂಗು. ಸರ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

"ಲೇ, ನಿಮ್ಮ ಹೀರೋ ಕುದುರಿ ಹತ್ತಿ ಹ್ವಾದ, ಖರೆ. ಆ ಕುದುರಿಗೆ ಮೇವು ಯಾರ ಹೊಲದಾಗಿಂದ ತಂದಾನ?"

"ಅದು ಸಿನಿಮಾದಾಗ ತೋರ್ಸಿಲ್ರಿ ಸರ್" ಅಂದೆ ನಾನು.

"ತೋರ್ಸಲಾರದ್ದು ಕೇಳಾಕ ನಾ ಇಲ್ಲಿ ಬಂದೀನಿ, ಶ್ಯಾಣ್ಯಾ. ಕೂಡು."

ಅವತ್ತು ಅವರು ನಿಜಾಮನ ವಕೀಲರು. ಶುರುವಿಗೇ ಹೇಳಿದರು: "ಇವತ್ತು ನಾ ಹುಜೂರರ ಕಡೆ. ನಾಳೆ ಹೊಡೆತ ತಿಂದ ರೈತನ ಕಡೆ. ನಾಳೆ ಈ ವಕೀಲನ ಚರ್ಮ ನಾನ ಸುಲೀತೀನಿ." ಆಮೇಲೆ ದನಿ ಏರಿತು, ಟೇಬಲ್ ಗುದ್ದಿದರು. "ನಮ್ಮ ಭತ್ತದ ಗದ್ದಿಗೆ ನೀರು ಕೊಡೋ ಈ ಕಾಲುವಿ ಕೆಲಸಕ್ಕ ಕೈ ಹಚ್ಚಿದ್ದು ನಮ್ಮ ಹುಜೂರರ ಸರ್ಕಾರ! ದಢೇಸುಗೂರಿನ ಅಕ್ಕಿ ಉಣ್ಣೋರು ಒಂದು ಸಲ ಹೈದರಾಬಾದ್ ಕಡೆ ತಿರುಗಿ ಕೈ ಮುಗೀರಿ!"

ನಾನು ಅಣ್ಣನ ಫೋನನ್ನು ಬ್ಯಾಗಿನ ಮರೆಯಲ್ಲಿಟ್ಟು ಅಷ್ಟನ್ನೂ ರೆಕಾರ್ಡ್ ಮಾಡಿದ್ದೆ. ಚರ್ಚಾ ಸ್ಪರ್ಧೆಗೆ ಅವರ ಧಾಟಿ ಬೇಕಿತ್ತು. ಸಂಜೆ ಹೆಮ್ಮೆಯಿಂದ ಸ್ಟೇಟಸ್ ಇಟ್ಟೆ. ಸ್ಟೇಟಸ್‌ಗೆ ಮೂವತ್ತೇ ಸೆಕೆಂಡು ಹಿಡಿಯುತ್ತಿತ್ತು. ಶುರುವಿನ ಮಾತು ಸಪ್ಪೆ ಅನ್ನಿಸಿತು, ಕತ್ತರಿಸಿದೆ. ಟೇಬಲ್ ಗುದ್ದಿದ್ದನ್ನು ಉಳಿಸಿಕೊಂಡೆ.

ಚುನಾವಣೆಯ ಹೊತ್ತು ಅದು. ಬೆಳಗಾಗುವಷ್ಟರಲ್ಲಿ ಆ ತುಣುಕು ಹಾಕಿದವರ ಹೆಸರಿಲ್ಲದೇ ಊರೂರು ತಿರುಗಿತ್ತು. ಪ್ರಚಾರದ ಗಾಡಿಯವರು ಶಾಲೆಯ ಗೇಟಿಗೆ ಬಂದು ನಿಂತರು. "ಸರ್ಕಾರಿ ಪಗಾರ ತಿಂದು ಹುಡುಗ್ರಿಗೆ ಏನ್ ಕಲಿಸಾಕತ್ತೀರಿ?" ಎಂದು ಕೂಗು. ಮುಖ್ಯೋಪಾಧ್ಯಾಯರ ಕೋಣೆಯಿಂದ ಸರ್ ನೇರ ನಮ್ಮ ಕ್ಲಾಸಿಗೆ ಬಂದರು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಯಾರು ಹಾಕ್ಯಾರಂತ ಕೇಳಂಗಿಲ್ಲ. ಪೂರಾ ವಿಡಿಯೋ ಯಾರ ಹತ್ರರ ಐತೇನ್ರಪಾ? ಅದೊಂದು ತೋರ್ಸಿದ್ರ ಸಾಕು."

ನನ್ನ ಹತ್ತಿರ ಇತ್ತು. ಕೊಟ್ಟರೆ ಕತ್ತರಿಸಿದವನೂ ನಾನೇ ಎಂದು ಗೊತ್ತಾಗುತ್ತಿತ್ತು. ಗೇಟಿನಲ್ಲಿ ನಿಂತವರ ಮುಖ ಕಣ್ಣ ಮುಂದೆ ಬಂತು. ಬೆಂಚಿನ ಮೇಲೆ ಯಾರೋ ಕೊರೆದ ಹೆಸರನ್ನು ಓದುತ್ತಾ ಕೂತೆ... ಮನೆಗೆ ಹೋದವನೇ ಪೂರ್ತಿ ವಿಡಿಯೋ ಅಳಿಸಿದೆ.

ಸರ್ ಕ್ಷಮಾಪಣೆ ಬರೆದುಕೊಟ್ಟರು. ಚುನಾವಣೆ ಮುಗಿದ ಮೇಲೆ ಲಿಂಗಸುಗೂರಿನ ಆಚೆ ಯಾವುದೋ ಶಾಲೆಗೆ ವರ್ಗವಾಯಿತು. ರೈತನ ಕಡೆಯ ವಾದವನ್ನು ನಾವು ಕೇಳಲೇ ಇಲ್ಲ.

ಡಿಗ್ರಿ ಓದುವಾಗ ಒಮ್ಮೆ ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ತಾವೇ ಚಹಾ ಕುಡಿಸಿದರು. "ಡಿಬೇಟಿನ್ಯಾಗ ಮತ್ತ ಫಸ್ಟ್ ಬಂದಿಯಂತಲ್ಲೋ!" ಎಂದು ಬೆನ್ನು ಚಪ್ಪರಿಸಿದರು.

"ಈಗಲೂ ಎರಡು ದಿನ ಪಾಠ ಮಾಡ್ತೀರೇನ್ರಿ ಸರ್?"

"ಇಲ್ಲಪಾ. ಪುಸ್ತಕದಾಗ ಇದ್ದದ್ದು ಓದಸ್ತೀನಿ. ಯಾರಿಗೂ ತ್ರಾಸಿಲ್ಲ."

ಹೇಳಿಬಿಡಬೇಕೆಂದು ಬಾಯಿ ತೆರೆದೆ... ಅಷ್ಟರಲ್ಲಿ ಅವರ ಬಸ್ಸು ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಪೋಸ್ಟರ್ ಹಚ್ಚುವುದನ್ನು ಕಂಡ ಮರುದಿನ ನಂಬರು ಹುಡುಕಿ ಅವರ ಮಗಳಿಗೆ ಫೋನ್ ಮಾಡಿದೆ. ಸ್ಟೂಡೆಂಟ್ ಅಂದ ಕೂಡಲೇ ಆಕೆಯ ದನಿ ಅರಳಿತು.

"ಅಪ್ಪ ಪಾಠ ಮಾಡಿದ್ದರ ವಿಡಿಯೋ ನಿಮ್ಮ ಹತ್ರರ ಐತೇನ್ರಿ? ನಮ್ಮ ಹತ್ರ ಆ ಸ್ಟೇಟಸಿಂದು ಒಂದ ಐತಿ. ಪ್ರತಿ ಇಲೆಕ್ಷನ್ನಿಗೂ ಯಾರರ ಒಬ್ಬರು ಮತ್ತ ಕಳಸ್ತಾರ. ಅವ್ವ ಅದರಾಗಿನ ಮಾತು ಬಿಟ್ಟು ದನಿ ಅಷ್ಟ ಕೇಳ್ತಾಳ."

"ಪೂರಾ ಇತ್ತುರೀ" ಅಂದೆ. "ನಾನ ಅಳಿಸೀನಿ. ಆ ತುಣುಕು ಹಾಕಿದವನೂ ನಾನ."

ಅತ್ತ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು.

"ಆಗ ಆರು ತಿಂಗಳು ಅಪ್ಪ ಮನ್ಯಾಗ ಯಾರ ಜೋಡಿನೂ ಮಾತಾಡಿದ್ದಿಲ್ರಿ" ಅಂದಳು. "ಇಡ್ತೀನಿ."

ಆಮೇಲೆ ಮೂರು ಸಲ ಫೋನ್ ಹಚ್ಚಿದೆ. ಎತ್ತುತ್ತಿಲ್ಲ. ಎತ್ತಬೇಕು ಅನ್ನಲು ನನ್ನಲ್ಲಿ ಒಂದು ಕಾರಣವೂ ಇಲ್ಲ.