ಬೀಗ ಹಾಕಿದ ಬಾಗಿಲಿನಿಂದ ಬಂದ ಬೆಲ್ಲ ನೀರು

ಇಂಥ ಸಂಗತಿಗಳನ್ನು ನಾನು ನಂಬಿದವನಲ್ಲ. ದೈವಕ್ಕೆ ಕೈಮುಗಿಯುತ್ತೇನೆ, ಅದು ಮನೆಯ ರೂಢಿ. ಆದರೆ ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳತೊಡಗಿದರೆ, ಅವತ್ತು ಊಟಕ್ಕೆ ಎಂತ ಇತ್ತು ಎಂದು ಕೇಳಿ ಉಳಿದವರನ್ನು ನಗಿಸುತ್ತಿದ್ದೆ. ಈಗ ಹಾಗೆ ಕೇಳುವುದಿಲ್ಲ. ನಂಬಿಕೆ ಹುಟ್ಟಿತೆಂದಲ್ಲ. ಅದೇ ಪ್ರಶ್ನೆಯನ್ನು ನನಗೆ ಯಾರಾದರೂ ಕೇಳಿದರೆ ಕೊಡಲು ಉತ್ತರವಿಲ್ಲ, ಅಷ್ಟೆ.

ಪುತ್ತೂರಿನಲ್ಲಿ ನನ್ನದೊಂದು ಸಣ್ಣ ಟಿಕೆಟ್ ಬುಕಿಂಗ್ ಅಂಗಡಿ ಇದೆ. ಬಸ್ಸು, ರೈಲು, ವಿಮಾನದ ಜೊತೆಗೆ ಹೋದ ಊರಿನಲ್ಲಿ ಉಳಿಯಲು ಕೋಣೆಯನ್ನೂ ಮಾಡಿಕೊಡುತ್ತೇನೆ. ನಗರದ ಹಳೆಯ ದೊಡ್ಡ ಹೋಟೆಲುಗಳ ವಿಚಾರ ಬಂದರೆ ನಾನು ಹೇಳುವುದು ಬಾಯಿಪಾಠವಾಗಿಬಿಟ್ಟಿದೆ. ಹಳೆಯ ಹೆಸರಿಗೆ ಮರುಳಾಗಬೇಡಿ. ವೆಬ್‌ಸೈಟಿನಲ್ಲಿ ಕಾಣುವುದು ಹೊಸದಾಗಿ ರಿಪೇರಿಯಾದ ಮಹಡಿ, ನಿಮಗೆ ಕೊಡುವುದು ಯಾವುದು ಎಂದು ಫೋನ್ ಮಾಡಿ ಕೇಳಿ. ಲಿಫ್ಟು ಓಡುತ್ತದೆಯೇ, ಕೋಣೆಯ ಫೋನಿಗೆ ಜೀವ ಇದೆಯೇ, ಬಿಸಿನೀರು ಎಷ್ಟು ಹೊತ್ತು ಬರುತ್ತದೆ, ಎಲ್ಲವನ್ನೂ ಕೇಳಿ. ಪಕ್ಕದ ಕೋಣೆಗೆ ಒಳಗಿನಿಂದಲೇ ಬಾಗಿಲಿರುವ ಕೋಣೆ ಕೊಟ್ಟರೆ ಬೇಡ ಎನ್ನಿ. ಈ ಕೊನೆಯದಕ್ಕೆ ಕಾರಣ ಕೇಳಿದವರಿಗೆ ಏನೋ ಒಂದು ಹೇಳಿ ಮಾತು ಮುಗಿಸುತ್ತೇನೆ. ನಿಜವಾದ ಕಾರಣವನ್ನು ಬರೆಯುತ್ತಿರುವುದು ಇದೇ ಮೊದಲು.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಅಕ್ಕ ರಾಮಕುಂಜದಲ್ಲಿದ್ದಳು, ಟೀಚರಾಗಿ ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ನನ್ನನ್ನು ಓದಿಸಿದವಳು ಅವಳೇ. ತಡ ಮಾಡಬೇಡಿ, ಬೇಗ ತೆಗೆಸಿದರೆ ಉಳಿಯುತ್ತಾರೆ ಎಂದು ಮಂಗಳೂರಿನ ಡಾಕ್ಟರು ದಿನ ಕೊಟ್ಟರು. ಮಧ್ಯಾಹ್ನ ಆಪರೇಷನ್. ಬೆಳಿಗ್ಗೆ ಸ್ನಾನ ಮಾಡಿ ಹತ್ತು ಗಂಟೆಗೆ ಬರಬೇಕು, ಎದ್ದ ಮೇಲೆ ಒಂದು ಗುಟುಕು ನೀರನ್ನೂ ಕುಡಿಯಬಾರದು ಎಂದಿದ್ದರು.

ಆಸ್ಪತ್ರೆಯ ಹತ್ತಿರವೇ ಒಂದು ಹೋಟೆಲಿತ್ತು. ನಾವು ಸಣ್ಣವರಿದ್ದಾಗ ಅದು ಭಾರೀ ದೊಡ್ಡ ಹೋಟೆಲು. ಬಸ್ಸಿನ ಕಿಟಕಿಯಿಂದ ಅದರ ಗಾಜಿನ ಬಾಗಿಲನ್ನು ನೋಡಿ, ಒಳಗೆ ಹೇಗಿರುತ್ತದೋ ಎಂದು ಅಕ್ಕ ಆಸೆಪಟ್ಟಿದ್ದಳು. ಈಗ ಅದು ಹಳತಾಗಿ ನಮ್ಮಂಥವರ ಕೈಗೂ ಎಟುಕುವಂತಾಗಿತ್ತು. ಊರಿಗೆಲ್ಲ ಬುದ್ಧಿ ಹೇಳುವ ನಾನು ಒಂದು ಪ್ರಶ್ನೆಯನ್ನೂ ಕೇಳದೆ ಆಪರೇಷನ್ನಿನ ಹಿಂದಿನ ದಿನಕ್ಕೇ ಅಲ್ಲಿ ಕೋಣೆ ಬುಕ್ ಮಾಡಿದೆ.

ಎಲ್ಲಕ್ಕಿಂತ ಮೇಲಿನ, ಮೂರನೆಯ ಮಹಡಿಯ ಕೋಣೆ. ನೆಲದ ಕಾರ್ಪೆಟ್ಟಿನಿಂದ ಮುಗ್ಗುಲು ವಾಸನೆ. ಫೋನ್ ಸತ್ತಿತ್ತು. ಪಕ್ಕದ ಕೋಣೆಗೆ ಹೋಗುವ ಬಾಗಿಲಿಗೆ ನಮ್ಮ ಕಡೆಯಿಂದ ಬೀಗ, ಅದಕ್ಕೆ ತುಕ್ಕು. ಬಚ್ಚಲಿನಲ್ಲಿ ಮಲಗಿ ಸ್ನಾನ ಮಾಡುವ ಬಿಳಿ ತೊಟ್ಟಿಯಿತ್ತು.

"ಇಷ್ಟು ದೊಡ್ಡ ಹೋಟೆಲಲ್ಲಿ ಒಂದು ಬಾಲ್ದಿ ಇಲ್ಲ ಮಾರಾಯ" ಎಂದಳು ಅಕ್ಕ ಮರುದಿನ ಬೆಳಿಗ್ಗೆ. "ತೊಟ್ಟಿಯಲ್ಲಿ ಮಲಗಿಕೊಳ್ಳಿಕ್ಕೆ ನಾನೆಂತ ಎಮ್ಮೆಯಾ?"

ಫೋನ್ ಇಲ್ಲದ್ದರಿಂದ ಬಾಲ್ದಿ ತರಲು ನಾನೇ ಕೆಳಗೆ ಹೋದೆ. ಆಗ ಎಂಟೂಕಾಲು. ಹೋಗುವಾಗ ಕೋಣೆಯ ಬಾಗಿಲನ್ನು ಎಳೆದುಕೊಂಡೆ, ಅದು ತಾನಾಗಿ ಲಾಕ್ ಆಗುವಂಥದ್ದು. ಕೀ ನನ್ನ ಕಿಸೆಯಲ್ಲಿತ್ತು. ಲಿಫ್ಟಿಗೆ ಕಾದು ಬಾಲ್ದಿ ಹಿಡಿದು ಮೇಲೆ ಬರುವಾಗ ಎಂಟೂವರೆ ದಾಟಿರಲಿಲ್ಲ.

ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಕೈಯಲ್ಲಿ ಕಂಚಿನ ಲೋಟ, ಮಡಿಲಲ್ಲಿ ಸಣ್ಣ ತಟ್ಟೆ. ತಟ್ಟೆಯಲ್ಲಿ ಅರ್ಧ ಕಚ್ಚಿದ ಬೆಲ್ಲದ ತುಂಡು.

"ಅಕ್ಕ, ಎಂತ ಮಾಡಿದೆ?"

"ಅವರು ತಂದು ಕೊಟ್ರು. ಬೇಡ ಹೇಳುದು ಹೇಗೆ?"

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆಗೆ ಬಂದವರಿಗೆ ಮಾತಿಗಿಂತ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಡುವುದು ಇಲ್ಲಿಯ ಕ್ರಮ. ಅದನ್ನು ಬೇಡ ಎನ್ನುವವನು ಜಗಳಕ್ಕೇ ಬಂದವನು. ಅಕ್ಕನಿಗೆ ಉಪವಾಸದ ವಿಷಯ ಮರೆತಿರಲಿಲ್ಲ. ಆದರೆ ಮುಂದೆ ಹಿಡಿದ ಬೆಲ್ಲದ ತಟ್ಟೆಯನ್ನು ಅರುವತ್ತು ವರ್ಷದಲ್ಲಿ ಒಮ್ಮೆಯೂ ಹಿಂದಕ್ಕೆ ಕಳಿಸದ ಕೈ ತಾನಾಗಿ ಚಾಚಿತ್ತು.

ಯಾರು ಎಂದು ಕೇಳಿದೆ. ತನ್ನದೇ ಪ್ರಾಯದ ಹೆಂಗಸು, ಹತ್ತಿಯ ಸೀರೆ, ಒದ್ದೆ ಕೂದಲಿಗೆ ಗಂಟು. ಎಲ್ಲಿಯವರು ಎಂದು ವಿಚಾರಿಸಿ, "ನಮ್ಮಲ್ಲಿಗೆ ಬಂದವರು ಬಾಯಾರಿಕೊಂಡು ಕೂತ್ಕೊಳ್ಳುದು ಬೇಡ, ಆಸರಿಗೆ ತಗೊಳ್ಳಿ ಅಕ್ಕ" ಎಂದಳಂತೆ.

"ಒಳಗೆ ಹೇಗೆ ಬಂದ್ರು?"

"ಅದೇ ಆ ಬಾಗಿಲಿನಿಂದ."

"ಅದಕ್ಕೆ ಬೀಗ ಉಂಟಲ್ಲ."

ಅಕ್ಕ ತಿರುಗಿ ಬೀಗವನ್ನು ನೋಡಿದಳು. "ಹೌದಲ್ಲ" ಎಂದಳು.

ಬೀಗವನ್ನು ನಾನು ಎಳೆದು ನೋಡಿದೆ. ತುಕ್ಕಿನ ಪುಡಿ ಕೈಗೆ ಬಂತು, ಬೀಗ ಅಲುಗಲಿಲ್ಲ. ಉಳಿದ ಬೆಲ್ಲವನ್ನು ಬೆರಳಿಗೆ ತಾಗಿಸಿ ನೆಕ್ಕಿದೆ. ಓಲೆಬೆಲ್ಲ, ತಾಳೆಯದ್ದು. ಲೋಟದ ಹೊರಮೈ ತಣ್ಣಗಿತ್ತು. ಇಷ್ಟನ್ನು ನಾನೇ ನೋಡಿದ್ದೇನೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಬೇಕೆಂದು ಹೊಳೆಯಲಿಲ್ಲ. ಆಗ ಇದ್ದದ್ದು ಹೆದರಿಕೆಯಲ್ಲ, ಸಿಟ್ಟು.

ಆಸ್ಪತ್ರೆಯಲ್ಲಿ ಹೇಳುವುದು ಬೇಡ, ಬೈಯುತ್ತಾರೆ ಎಂದು ಅಕ್ಕ ಅಂಗಲಾಚಿದಳು. ನಾನು ಹೇಳಿಬಿಟ್ಟೆ. ಅರಿವಳಿಕೆಯ ಡಾಕ್ಟರು ಪೆನ್ನು ಮುಚ್ಚಿ, ಇವತ್ತು ಆಗುವುದಿಲ್ಲ, ನಾಳೆ ಪಟ್ಟಿ ತುಂಬಿದೆ, ನಾಡಿದ್ದು ಬನ್ನಿ ಎಂದರು.

ಹೋಟೆಲಿಗೆ ಮರಳಿ ಮ್ಯಾನೇಜರನ್ನು ಹಿಡಿದೆ. ವಯಸ್ಸಾದ, ಸಮಾಧಾನದ ಮನುಷ್ಯ. "ಎಂತ ಮಾರಾಯ್ರೆ, ಆ ಕೋಣೆಯನ್ನು ನಾವು ಯಾರಿಗೂ ಕೊಡುದಿಲ್ಲ. ಮಾಡು ಸೋರ್ತದೆ" ಎಂದು ಕಾರಿಡಾರಿನ ಕಡೆಯಿಂದ ತೆರೆದು ತೋರಿಸಿದರು. ಬಿದ್ದ ಸೀಲಿಂಗು, ಒಂದರ ಮೇಲೊಂದು ಪೇರಿಸಿದ ಮಂಚಗಳು. ನೆಲದ ಧೂಳಿನ ಮೇಲೆ ಹೆಜ್ಜೆಯಿರಲಿಲ್ಲ. ಕಂಚಿನ ಲೋಟ ತಮ್ಮಲ್ಲಿ ಇಲ್ಲವೇ ಇಲ್ಲ ಎಂದರು. ತೋರಿಸೋಣವೆಂದರೆ ನಮ್ಮ ಕೋಣೆಯಲ್ಲೂ ಅದು ಇರಲಿಲ್ಲ. ಗುಡಿಸಲು ಬಂದವರು ಒಯ್ದಿರಬಹುದು, ಹಾಗಾಗಿ ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೇರೆ ಕೋಣೆ ಕೇಳಿದೆ. ಮದುವೆಯ ದಿಬ್ಬಣ ಬಂದು ಎಲ್ಲ ಭರ್ತಿಯಾಗಿತ್ತು. ಬೇರೆ ಹೋಟೆಲಿಗೆ ಹೋಗೋಣವೆಂದರೆ ಅಕ್ಕ ಒಪ್ಪಲಿಲ್ಲ. "ಇಲ್ಲಿಯೇ ಇರುವ. ಒಳ್ಳೆಯ ಜನ" ಎಂದಳು. ಮರುದಿನ ಬೆಳಿಗ್ಗೆ ಅವಳು ಬೇಗ ಎದ್ದು ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಆ ಬಾಗಿಲಿಗೆ ಮುಖ ಮಾಡಿ ಕೂತಳು. ಯಾರೂ ಬರಲಿಲ್ಲ. ನಾನು ಕೋಣೆಯಲ್ಲೇ ಇದ್ದೆ.

ಆಪರೇಷನ್ನಿನ ದಿನ ಐದೂವರೆಗೇ ಎದ್ದು ಕುರ್ಚಿಯನ್ನು ಎಳೆದು, ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಇನ್ನೊಮ್ಮೆ ಮುಂದೆ ಹೋದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಬೆಳಕಾಯಿತು. ಅಕ್ಕ ಬಾಲ್ದಿಗೆ ನೀರು ಬಿಟ್ಟುಕೊಂಡು ಸ್ನಾನಕ್ಕೆ ಹೋದಳು.

ಎಂಟೂಕಾಲರ ಹೊತ್ತಿಗೆ ನನ್ನ ಬೆನ್ನ ಹಿಂದೆ, ಬಾಗಿಲಿನ ಆಚೆ, ಯಾರೋ ನೆಲದ ಮೇಲೆ ಲೋಟ ಇಟ್ಟ ಸದ್ದಾಯಿತು. ಸ್ವಲ್ಪ ಬಿಟ್ಟು ತಟ್ಟೆ ಇಟ್ಟ ಸದ್ದು. ಅಡುಗೆಮನೆಯಲ್ಲಿ ಓಡಾಡಿ ಬೆಳೆದವರಿಗೆಲ್ಲ ಗೊತ್ತಿರುವ ಸದ್ದು. ಇಲಿ ಎಂದು ನನಗೆ ನಾನೇ ಹೇಳಿಕೊಂಡೆ. ಏಳಲಿಲ್ಲ. ಕಾಲುಗಳನ್ನು ನೆಲಕ್ಕೆ ಊರಿ ಬೆನ್ನನ್ನು ಇನ್ನಷ್ಟು ಒತ್ತಿ ಕೂತೆ.

ಅಕ್ಕ ಬಚ್ಚಲಿನಿಂದ ಹೊರಗೆ ಬಂದಳು. "ಯಾರಾದ್ರೂ ಬಂದ್ರಾ?"

"ಇಲ್ಲ" ಎಂದೆ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸು ಎಲ್ಲರನ್ನು ಕೇಳುವ ಹಾಗೆ ಅವಳನ್ನೂ ಕೇಳಿದಳು: "ಎಂತಾದ್ರೂ ತಿಂದಿದ್ದೀರಾ ಅಮ್ಮ? ನೀರು ಕುಡಿದಿದ್ದೀರಾ?"

"ಇಲ್ಲ ಸಿಸ್ಟರ್. ಇವತ್ತು ಅವರು ಬರ್ಲಿಲ್ಲ" ಎಂದಳು ಅಕ್ಕ. ಒಣಗಿದ ತುಟಿಯನ್ನು ನಾಲಗೆಯಿಂದ ಒದ್ದೆ ಮಾಡಿಕೊಂಡು ನನ್ನ ಕಡೆ ನೋಡಿದಳು. ಗಾಲಿ ಮಂಚ ಒಳಗೆ ಹೋಯಿತು.

ಅವಳಿಗೆ ಮತ್ತೆ ಎಚ್ಚರವಾಗಲಿಲ್ಲ. ಹನ್ನೊಂದು ದಿನ ಐಸಿಯುವಿನಲ್ಲಿದ್ದಳು. ಹೃದಯ ತಡೆಯಲಿಲ್ಲ, ಮೊದಲ ದಿನವೇ ಮಾಡಿದ್ದರೂ ಹೀಗೆಯೇ ಆಗುತ್ತಿತ್ತು, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಒಪ್ಪಿದ್ದೇನೆ. ಒಂದು ತುಂಡು ಬೆಲ್ಲ ಅವಳನ್ನು ಉಳಿಸುತ್ತಿತ್ತು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಲು ನನ್ನಲ್ಲಿ ಆಧಾರವಿಲ್ಲ. ಆ ಬಾಗಿಲಿನ ಆಚೆ ಯಾರಿದ್ದರು, ಯಾರಾದರೂ ಇದ್ದರೇ ಎಂಬುದೂ ನನಗೆ ಗೊತ್ತಿಲ್ಲ. ಅಕ್ಕ ಬಾಯಾರಿಕೊಂಡೇ ಹೋದಳು. ಅದು ಮಾತ್ರ ಗೊತ್ತು.