ತೋಟದವರ ಮನೆಯ ಪ್ಯಾಕೆಟ್ ಕಾಫಿ

ಸ್ನೇಹಿತರೇ, ಮನೆ ಸುತ್ತ ಕಾಫಿ ಗಿಡ ಇಟ್ಟುಕೊಂಡು ಅಂಗಡಿಯಿಂದ ಪುಡಿ ತರುವವರು ನಮ್ಮ ಹೆಗ್ಗದ್ದೆ ಕಡೆಯವರಲ್ಲದೆ ಇನ್ಯಾರಿದ್ದಾರೆ ಹೇಳಿ? ಬೀಜವೆಲ್ಲ ಮಾರಿ, ದುಡ್ಡು ಕೊಟ್ಟು ಪ್ಯಾಕೆಟ್ ತರುತ್ತೇವೆ. ಖಾಲಿ ಪ್ಲಾಸ್ಟಿಕ್ ತೋಟದಲ್ಲೇ ಬಿದ್ದಿರುತ್ತದೆ. ಆ ಖರ್ಚು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಈ ಸಲ ಸ್ವಲ್ಪ ಬೀಜ ಉಳಿಸಿಕೊಂಡು, ನಾನೇ ಹುರಿದು ಪುಡಿ ಮಾಡಿದೆ.

ಇವತ್ತು ಮಗ್ಗೆಯಿಂದ ಅತ್ತೆಯ ತಂಗಿ ಬಂದರು. ಹೆದರುತ್ತಲೇ ಆ ಕಾಫಿ ಕೊಟ್ಟೆ. ಒಂದು ಗುಟುಕಿಗೇ ಲೋಟ ಕೆಳಗಿಟ್ಟರು.

“ಇದೇನವ್ವ, ಗಟ್ಟಿನೇ ಇಲ್ಲ! ಚಿಕೋರಿ ಹಾಕಿಲ್ವಾ?”

ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. “ಮಾನ ಕಳೆದ್ಬುಟ್ಟೆ ಕಣೇ! ಓಡು, ಅಂಗಡಿಯಿಂದ ಪ್ಯಾಕೆಟ್ ತಗಂಬಾ.”

ಹಿತ್ತಲ ಬಾಗಿಲಿಂದ ಓಡಿದೆ. ಜಾರಿ ಬಿದ್ದರೆ ಆಸ್ಪತ್ರೆ ಖರ್ಚು ಬೇರೆ ಎಂಬ ಭಯ. ತಂದು ಮತ್ತೆ ಕಾಫಿ ಮಾಡಿ ಕೊಟ್ಟೆ. ಅವರು ಕಣ್ಣು ಮುಚ್ಚಿ ಹೀರಿದರು.

“ಹಾಂ! ತೋಟದೋರ ಮನೆ ಕಾಫಿ ಅಂದ್ರೆ ಹಿಂಗಿರ್ಬೇಕು ಕಣಕ್ಕ!”

“ಮತ್ತೆ? ನಮ್ದೇ ಬೀಜ ಅಲ್ವಾ?” ಎಂದರು ಅತ್ತೆ, ನನ್ನ ಮುಖ ನೋಡದೆ.

ಉಳಿಸಲು ಹೋಗಿ ಈಗ ಮನೆಯಲ್ಲಿ ಎರಡು ಪುಡಿಗಳಾಗಿವೆ. ಒಂದು ನಮ್ಮ ತೋಟದ್ದು, ಇನ್ನೊಂದು ನಮ್ಮ ತೋಟದ್ದೆಂದು ಹೇಳಿಕೊಳ್ಳುವುದಕ್ಕೆ.